ಯುವಜನ ಶಾಂತಿ ಕಾರ್ಯ: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ

ಊರಿನ ಜಗಳ ಕೈಮೀರುವ ಮೊದಲೇ ಅದನ್ನು ಮಾತಿಗೆ ತರುವುದು, ಕೈಮೀರಿದ ಮೇಲೆ ಆದ ಗಾಯ ನ್ಯಾಯದಿಂದ ಮಾಯುವಂತೆ ನೋಡಿಕೊಳ್ಳುವುದು: ಈ ಎರಡನ್ನೂ ಹದಿಹರೆಯದವರಿಗೆ, ಯುವಕ ಯುವತಿಯರಿಗೆ ರೂಢಿ ಮಾಡಿಸುವ ಸಾಮುದಾಯಿಕ ಕೆಲಸಗಳನ್ನು ಒಟ್ಟಾಗಿ ಯುವಜನ ಶಾಂತಿ ಕಾರ್ಯ ಎನ್ನಬಹುದು. ಭಾರತದ 2014ರ ರಾಷ್ಟ್ರೀಯ ಯುವ ನೀತಿ 15ರಿಂದ 29 ವರ್ಷದವರನ್ನು ಯುವಜನರೆಂದು ಕರೆಯಿತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2015ರ ಡಿಸೆಂಬರ್ 9ರಂದು ಅಂಗೀಕರಿಸಿದ 2250ನೇ ನಿರ್ಣಯವು ಯುವಜನರನ್ನು ಹಿಂಸೆಯ ಬಲಿಪಶುಗಳೆಂದೋ ಕಾರಣಕರ್ತರೆಂದೋ ಮಾತ್ರ ನೋಡದೆ, ಶಾಂತಿ ಕಟ್ಟುವವರೆಂದೂ ಪರಿಗಣಿಸಬೇಕೆಂದು ಸದಸ್ಯ ರಾಷ್ಟ್ರಗಳನ್ನು ಕೇಳಿತು. ಕೊಪ್ಪಳ ಜಿಲ್ಲೆಯಲ್ಲಿ ಈ ಕೆಲಸ ಒಂದೇ ಸಂಸ್ಥೆಯ ಕೈಯಲ್ಲಿ, ಒಂದೇ ಹೆಸರಿನಡಿ ಇಲ್ಲ. ಹೆಣ್ಣುಮಕ್ಕಳ ವಸತಿ ಶಾಲೆ, ಬೀದಿ ನಾಟಕ, ಮಕ್ಕಳ ಗ್ರಾಮಸಭೆ, ಮಠದ ಜಾತ್ರೆ, ಪೊಲೀಸ್ ಠಾಣೆಯ ಶಾಂತಿ ಸಭೆ, ಮೊಹರಂ ಹಬ್ಬದ ಅಲಾಯಿ ಕುಣಿ, ಹೀಗೆ ಹಲವು ಕಡೆ ಅದು ಚದುರಿಕೊಂಡಿದೆ.

ಸೀಮೆ

ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು 1997ರ ಆಗಸ್ಟ್ 24ರಂದು ಕೊಪ್ಪಳ ಜಿಲ್ಲೆ ರಚನೆಯಾದಾಗ ಅದರಲ್ಲಿದ್ದದ್ದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕೇ ತಾಲ್ಲೂಕು. ಕಾರಟಗಿ, ಕನಕಗಿರಿ, ಕುಕನೂರು ತಾಲ್ಲೂಕುಗಳು ಆಮೇಲೆ ಇವುಗಳಿಂದಲೇ ಒಡೆದವು. ಮುನಿರಾಬಾದಿನ ಬಳಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟಿನ ಎಡದಂಡೆ ಕಾಲುವೆ ಗಂಗಾವತಿಯನ್ನು ಭತ್ತದ ಕಣಜವಾಗಿಸಿತು. ಆಂಧ್ರದಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡರು, ಅಕ್ಕಿ ಗಿರಣಿಗಳೆದ್ದವು, ಭೂಮಿಯ ಬೆಲೆ ಏರಿತು. ಕಾಲುವೆ ತಲುಪದ ಕುಷ್ಟಗಿ, ಯಲಬುರ್ಗಾ ಮಾತ್ರ ಮಳೆಯನ್ನೇ ನಂಬಿ ಉಳಿದವು. ಅಲ್ಲಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿಯಿತೆಂದರೆ ಗುಳೆ ಶುರು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಂಗಳೂರಿಗೆ, ಗೋವೆಗೆ ಗಂಡ ಹೆಂಡತಿ ಹೊರಟರೆ ಓದುವ ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ, ಇಲ್ಲವೇ ಶಾಲೆ ಬಿಟ್ಟು ಜೊತೆಗೆ ಹೋಗುತ್ತಾರೆ.

ಶಾಂತಿಯ ವಿಷಯದಲ್ಲಿ ಈ ಭೂಗೋಳ ದೊಡ್ಡ ಮಾತು. ಊರಲ್ಲೇ ಜೀತವೋ ಕೂಲಿಯೋ ಮಾಡಿಕೊಂಡಿದ್ದ ಮನೆತನದ ಹುಡುಗ ಬೆಂಗಳೂರಿನಲ್ಲಿ ಎರಡು ವರ್ಷ ದುಡಿದು, ಯಾವ ಹೋಟೆಲಿನಲ್ಲಾದರೂ ಕೂತು ಚಹಾ ಕುಡಿದು, ಯಾವ ಅಂಗಡಿಯಲ್ಲಾದರೂ ಕಟಿಂಗ್ ಮಾಡಿಸಿಕೊಂಡು ಊರಿಗೆ ಮರಳುತ್ತಾನೆ. ಊರಿನ ಕಟ್ಟೆ ಮಾತ್ರ ಹಾಗೇ ಇರುತ್ತದೆ. ಅವನು ಬದಲಾಗಿ ಊರು ಬದಲಾಗದ ಆ ನಡುವಿನ ಜಾಗದಲ್ಲೇ ಇತ್ತೀಚಿನ ಎಷ್ಟೋ ಜಗಳಗಳು ಹುಟ್ಟಿವೆ.

ಈ ನೆಲಕ್ಕೆ ಸಂಬಂಧಿಸಿದ ಒಂದು ಹಳೆಯ ಸಂಗತಿ ಇಲ್ಲಿ ನೆನಪಾಗುತ್ತದೆ. ಜೈನರ ಪುಣ್ಯಕ್ಷೇತ್ರವಾಗಿದ್ದ ಕೊಪಣದ, ಅಂದರೆ ಇಂದಿನ ಕೊಪ್ಪಳದ, ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಕಿರು ಶಾಸನಗಳಿವೆ. ಬ್ರಾಹ್ಮಿ ಲಿಪಿಯ ಈ ಪ್ರಾಕೃತ ಬರಹಗಳು ಬೆಳಕಿಗೆ ಬಂದದ್ದು 1931ರಲ್ಲಿ. ಧರ್ಮದ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಅದು ದಕ್ಕುತ್ತದೆ, ಸಣ್ಣವರೂ ದೊಡ್ಡವರೂ ಕೂಡಿ ಪ್ರಯತ್ನಿಸಲಿ ಎಂಬುದು ಅವುಗಳ ತಿರುಳು. ಕೊಪ್ಪಳದ ಶಾಲಾ ಮಕ್ಕಳು ಪ್ರವಾಸಕ್ಕೆಂದು ಆ ಗುಡ್ಡ ಹತ್ತುತ್ತಾರೆ. ಬಂಡೆಯನ್ನು ತೋರಿಸಿ ಈ ಒಂದು ಅರ್ಥವನ್ನು ಮಕ್ಕಳಿಗೆ ಬಿಡಿಸಿ ಹೇಳಿದರೆ ಶಾಂತಿಪಾಠದ ಮೊದಲ ಅಧ್ಯಾಯ ಮುಗಿದಂತೆ.

ಜಗಳ ಹುಟ್ಟುವ ಜಾಗಗಳು

2014ರ ಆಗಸ್ಟ್ ಕೊನೆಯಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಕೇರಿಯ ಮೇಲೆ ಗುಂಪು ದಾಳಿ ನಡೆದು ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿಗೂ ಹೋಟೆಲಿಗೂ ದಲಿತರಿಗೆ ಪ್ರವೇಶ ಕೇಳಿದ್ದರ ಅಸಮಾಧಾನ ಊರಲ್ಲಿ ಮೊದಲೇ ಹೊಗೆಯಾಡುತ್ತಿತ್ತು. ಸಿನಿಮಾ ನೋಡಲು ಹೋದ ಹುಡುಗರ ಜಗಳ ಅದಕ್ಕೆ ಕಿಡಿಯಾಯಿತು. ಹತ್ತು ವರ್ಷದ ವಿಚಾರಣೆಯ ನಂತರ 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ಸತ್ರ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷದ ಶಿಕ್ಷೆ ವಿಧಿಸಿತು. ಜಾತಿ ದೌರ್ಜನ್ಯದ ಒಂದೇ ಪ್ರಕರಣದಲ್ಲಿ ಇಷ್ಟು ಜನ ಜೀವಾವಧಿಗೆ ಗುರಿಯಾದದ್ದು ಅಪರೂಪ. ಮುಂದಿನ ತಿಂಗಳು ಹೈಕೋರ್ಟಿನ ಧಾರವಾಡ ಪೀಠ ಅವರಲ್ಲಿ ಹೆಚ್ಚಿನವರಿಗೆ ಜಾಮೀನು ಕೊಟ್ಟಿತು. ಊರಿನ ಹತ್ತು ವರ್ಷ ಮಾತ್ರ ಎರಡೂ ಕಡೆಯವರಿಗೆ ತಿರುಗಿ ಬರುವಂಥದ್ದಲ್ಲ. ಸುಟ್ಟ ಗುಡಿಸಲಿನಲ್ಲಿ ಬೆಳೆದ ಮಕ್ಕಳು ಈಗ ಯುವಕರು. ಅಪ್ಪ ಜೈಲಿನ ಬಾಗಿಲು ಕಂಡ ಮಕ್ಕಳೂ ಅದೇ ವಯಸ್ಸಿನವರು. ಈ ಎರಡು ಗುಂಪಿನ ಮಕ್ಕಳು ಒಂದೇ ಬಸ್ಸಿನಲ್ಲಿ ಗಂಗಾವತಿಯ ಕಾಲೇಜಿಗೆ ಹೋಗಬೇಕಾದ ಊರಿನಲ್ಲಿ ಶಾಂತಿ ಕಾರ್ಯ ಎಂದರೆ ಏನು ಎಂಬುದು ನಿಜವಾದ ಪ್ರಶ್ನೆ.

ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರ್ 4ರಂದು ದಲಿತ ಚನ್ನದಾಸರ ಸಮುದಾಯದ ಎರಡು ವರ್ಷದ ಮಗು ತನ್ನ ಹುಟ್ಟುಹಬ್ಬದ ದಿನ ಹನುಮಂತನ ಗುಡಿಯೊಳಗೆ ಓಡಿಹೋಯಿತು. ಮನೆಯವರು ಹೊರಗೆ ನಿಂತೇ ಕೈಮುಗಿಯುತ್ತಿದ್ದರು. ಗುಡಿಯ ಶುದ್ಧೀಕರಣಕ್ಕೆಂದು ಊರ ಪ್ರಮುಖರು ಆ ಕುಟುಂಬಕ್ಕೆ 25,000 ರೂಪಾಯಿ ದಂಡ ಕೇಳಿದರು. ಸುದ್ದಿ ಹೊರಬಿದ್ದ ಮೇಲೆ ಐವರ ಬಂಧನವಾಯಿತು, ಅಧಿಕಾರಿಗಳು ಊರಿಗೆ ಬಂದು ಜಾಗೃತಿ ಸಭೆ ನಡೆಸಿದರು. ಮರುವರ್ಷ ಅಂಬೇಡ್ಕರ್ ಜಯಂತಿಯಂದು ರಾಜ್ಯ ಸರ್ಕಾರ ಆರಂಭಿಸಿದ ವಿನಯ ಸಾಮರಸ್ಯ ಯೋಜನೆಗೆ ಈ ಘಟನೆಯೇ ಪ್ರೇರಣೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಸ್ಪೃಶ್ಯತೆಯ ವಿರುದ್ಧ ಅರಿವು ಮೂಡಿಸುವುದು ಅದರ ಉದ್ದೇಶ.

ಕನಕಗಿರಿ ತಾಲ್ಲೂಕಿನ ಹುಲಿಹೈದರದಲ್ಲಿ 2022ರ ಆಗಸ್ಟ್ 11ರಂದು ಪ್ರೇಮದ ವಿಚಾರಕ್ಕೆ ಎನ್ನಲಾದ ಗುಂಪು ಘರ್ಷಣೆಯಾಗಿ ಹಿಂದೂ ಮುಸ್ಲಿಂ ಎರಡೂ ಕಡೆಯ ಒಬ್ಬೊಬ್ಬರು ಸತ್ತರು. ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ 2024ರ ಆಗಸ್ಟಿನಲ್ಲಿ ಕ್ಷೌರದ ವಿಚಾರಕ್ಕೆ ಎದ್ದ ಜಗಳ ದಲಿತ ಯುವಕನೊಬ್ಬನ ಕೊಲೆಯಲ್ಲಿ ಮುಗಿಯಿತು.

ಈ ನಾಲ್ಕು ಘಟನೆಗಳನ್ನು ಒಟ್ಟಿಗಿಟ್ಟು ನೋಡಿದರೆ ಜಗಳದ ವಿಳಾಸ ಸಿಗುತ್ತದೆ: ಕಟಿಂಗ್ ಅಂಗಡಿಯ ಕುರ್ಚಿ, ಚಹಾದಂಗಡಿಯ ಲೋಟ, ಗುಡಿಯ ಹೊಸ್ತಿಲು, ಹುಡುಗ ಹುಡುಗಿಯ ಪ್ರೀತಿ. ಸಂವಿಧಾನದ 17ನೇ ವಿಧಿ, 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆ ನಿಷೇಧಿಸಿರುವುದೂ ಇಂಥ ಜಾಗಗಳಲ್ಲಿನ ತಡೆಯನ್ನೇ. ಶಾಂತಿಯ ತರಬೇತಿ ಈ ಜಾಗಗಳ ಹೆಸರೆತ್ತದೆ ಬರೀ ಸೌಹಾರ್ದದ ಭಾಷಣವಾದರೆ, ಹುಡುಗರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಮರುದಿನ ಕುರ್ಚಿ ಇದ್ದಲ್ಲೇ ಇರುತ್ತದೆ.

ರಾಜಿ ಎಂಬ ಹಳೆಯ ದಾರಿ

ಈ ಭಾಗದಲ್ಲಿ ಜಗಳ ಬಗೆಹರಿಸುವ ಪದ್ಧತಿ ಮೊದಲಿಂದಲೂ ಇದೆ. ಗುಡಿಯ ಮುಂದೆ ದೈವ, ಅಂದರೆ ಊರ ಸಭೆ, ಕೂಡುತ್ತದೆ, ಹಿರಿಯರು ಎರಡೂ ಕಡೆಯವರನ್ನು ಕೇಳುತ್ತಾರೆ, ತಪ್ಪಿಗೆ ದಂಡ ಹಾಕುತ್ತಾರೆ, ಕೈ ಕೂಡಿಸುತ್ತಾರೆ. ಹೊಲದ ಬದುವಿನ ತಂಟೆ, ಅಣ್ಣತಮ್ಮಂದಿರ ಪಾಲು, ಗಂಡ ಹೆಂಡಿರ ಮುನಿಸು ಹೀಗೆ ಬಗೆಹರಿದು ಠಾಣೆ ಕೋರ್ಟಿನ ಖರ್ಚು ಉಳಿದ ಮನೆಗಳು ಸಾವಿರಾರು. ಇದನ್ನು ಹಗುರವಾಗಿ ಕಾಣಬಾರದು. ಎದುರುಬದುರು ಕೂತು ಮಾತಾಡುವ ರೂಢಿಯೇ ಇಲ್ಲದ ನಗರದ ಬಡಾವಣೆಗಿಂತ ಇದು ಎಷ್ಟೋ ಮೇಲು.

ಆದರೆ ದೈವದಲ್ಲಿ ಕೂಡುವವರು ಯಾರು ಎಂದು ಕೇಳಿದ ಕೂಡಲೇ ಅದರ ಮಿತಿ ಕಾಣುತ್ತದೆ. ಹೆಂಗಸರಿಗೆ ಅಲ್ಲಿ ಜಾಗವಿಲ್ಲ, ಕೇರಿಯವರು ದೂರ ನಿಲ್ಲಬೇಕು, ಇಪ್ಪತ್ತರ ಹುಡುಗ ಬಾಯಿ ತೆರೆದರೆ ಸಣ್ಣವನು ಸುಮ್ಮನಿರು ಎಂಬ ಮಾತು. ಮಿಯಾಪುರದ ದಂಡವೂ ಇಂಥ ಪಂಚಾಯಿತಿಯಲ್ಲೇ ಹುಟ್ಟಿದ್ದು. ಊರಿನ ಮಾನ ಹೋಗಬಾರದು ಎಂದು ಪೆಟ್ಟು ತಿಂದವನನ್ನೇ ಒಪ್ಪಿಸಿ ದೂರು ಹಿಂಪಡೆಯಿಸುವುದಕ್ಕೂ ರಾಜಿ ಎಂದೇ ಹೆಸರು. ದೂರು ಕೊಟ್ಟವರಿಗೆ ಅಂಗಡಿಯಲ್ಲಿ ಸಾಮಾನು ಸಿಗುವುದಿಲ್ಲ, ಹೊಲದಲ್ಲಿ ಕೂಲಿ ಸಿಗುವುದಿಲ್ಲ. ಬಹಿಷ್ಕಾರ ಹಾಗೆ ಸದ್ದಿಲ್ಲದೆ ನಡೆಯುತ್ತದೆ. ದೌರ್ಜನ್ಯ ತಡೆ ಕಾಯ್ದೆ ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನೂ ಅಪರಾಧವೆಂದು ಸೇರಿಸಿಕೊಂಡಿರುವುದಕ್ಕೆ ಇದೇ ಕಾರಣ.

ಯುವಜನರೊಡನೆ ನಡೆಯುವ ಒಳ್ಳೆಯ ಶಾಂತಿ ಕಾರ್ಯಕ್ಕೆ ಇಲ್ಲಿ ಸೂಕ್ಷ್ಮವಾದ ಹೊಣೆಯಿದೆ. ದೈವದ ರೂಢಿಯಿಂದ ಕೂತು ಕೇಳುವ ತಾಳ್ಮೆಯನ್ನು ತೆಗೆದುಕೊಳ್ಳಬೇಕು, ಅದರ ಮೆಟ್ಟಿಲುಗಳನ್ನು ಕಳಚಬೇಕು. ವೃತ್ತಾಕಾರವಾಗಿ ಎಲ್ಲರೂ ನೆಲದ ಮೇಲೆ ಕೂಡುವುದು, ಒಬ್ಬರು ಮಾತಾಡುವಾಗ ಮತ್ತೊಬ್ಬರು ಬಾಯಿ ಹಾಕದಿರುವುದು, ಪೆಟ್ಟು ತಿಂದವರಿಗೆ ಮೊದಲ ಮಾತು ಕೊಡುವುದು, ಅಪರಾಧ ನಡೆದಿದ್ದರೆ ಅದನ್ನು ಸಂಧಾನಕ್ಕೆ ತಾರದೆ ಠಾಣೆಗೆ ಒಯ್ಯುವುದು: ತರಬೇತಿ ಶಿಬಿರಗಳಲ್ಲಿ ಕಲಿಸುವ ಈ ನಿಯಮಗಳು ಕೇಳಲು ಸಣ್ಣವು. ಹಳ್ಳಿಯೊಳಗೆ ಅವುಗಳಲ್ಲಿ ಒಂದೊಂದನ್ನು ಪಾಲಿಸುವುದಕ್ಕೂ ಎದೆಗಾರಿಕೆ ಬೇಕು.

ಹೆಣ್ಣುಮಕ್ಕಳ ನಡುವಿನ ಕೆಲಸ

ಕೊಪ್ಪಳ ತಾಲ್ಲೂಕಿನ ಹುಲಿಗಿಯಲ್ಲಿ, ತುಂಗಭದ್ರೆಯ ದಂಡೆಯ ಮೇಲೆ ಹುಲಿಗೆಮ್ಮನ ಗುಡಿಯಿದೆ. ಯಲ್ಲಮ್ಮನ ಹೆಸರಿನಲ್ಲಿ, ಹುಲಿಗೆಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡುವ ಪದ್ಧತಿ ಈ ಜಿಲ್ಲೆಯ ದಲಿತ ಕುಟುಂಬಗಳನ್ನು ತಲೆಮಾರುಗಟ್ಟಲೆ ಹಿಂಡಿದೆ. ಕರ್ನಾಟಕ 1982ರಲ್ಲಿ ಸಮರ್ಪಣೆಯನ್ನು ನಿಷೇಧಿಸಿ ಕಾಯ್ದೆ ಮಾಡಿತು. ಆನಂತರದ ಎರಡು ಸಮೀಕ್ಷೆಗಳಲ್ಲಿ, 1993-94 ಮತ್ತು 2007-08ರಲ್ಲಿ, ರಾಜ್ಯದಲ್ಲಿ ಗುರುತಿಸಿದ ಮಾಜಿ ದೇವದಾಸಿಯರು 46,660. ಅವರ ಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗಕ್ಕೆ ಬಂದಾಗ ಪೆನ್ನು ನಿಲ್ಲಿಸಿದವರು. ಅಂಥ ಮನೆಯ ಹುಡುಗಿಗೆ ಜಗಳ ಹೊರಗಿನದಲ್ಲ. ಅವಳು ಹುಟ್ಟಿದ್ದೇ ಅದರೊಳಗೆ.

ಬೆಂಗಳೂರಿನಲ್ಲಿ 1989ರಲ್ಲಿ ಆರಂಭವಾದ ವಿಸ್ತಾರ್ ಸಂಸ್ಥೆ ಕೊಪ್ಪಳದಲ್ಲಿ ನಡೆಸಿದ ‘ಬಾಂಧವಿ’ ಇಂಥ ಹುಡುಗಿಯರಿಗಾಗಿ ರೂಪಿಸಿದ ವಸತಿ ಕಾರ್ಯಕ್ರಮ. ನ್ಯಾಯ ಮತ್ತು ಶಾಂತಿಯ ಅಧ್ಯಯನವನ್ನೇ ತನ್ನ ಕ್ಷೇತ್ರ ಮಾಡಿಕೊಂಡ ಸಂಸ್ಥೆಯೊಂದು ಜಿಲ್ಲೆಗೆ ಬಂದು ಕೈಹಾಕಿದ್ದು ಓದು, ಊಟ, ಹಾಡು, ನಾಟಕಕ್ಕೆ ಎಂಬುದು ಗಮನಿಸಬೇಕಾದ ಸಂಗತಿ. ಮುತ್ತು ಕಟ್ಟಿಸಿಕೊಳ್ಳಬೇಕಾಗಿದ್ದವಳು ಹತ್ತನೆಯ ತರಗತಿ ಮುಗಿಸಿ, ನರ್ಸಿಂಗ್ ಕಲಿತು ತಾಯಿಯ ಮುಂದೆ ನಿಂತರೆ ಆ ಮನೆಯಲ್ಲಿ ನೂರಾರು ವರ್ಷದ ಹಿಂಸೆಯೊಂದು ನಿಂತಂತೆ. ಸಂಘರ್ಷ ಪರಿಹಾರ ಎಂಬ ಮಾತಿಗೆ ಇದಕ್ಕಿಂತ ಪೂರ್ತಿಯಾದ ಅರ್ಥ ನನಗೆ ಗೊತ್ತಿಲ್ಲ.

ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಕೊಪ್ಪಳದ ಹಳ್ಳಿಗಳಲ್ಲಿ ‘ಸ್ಫೂರ್ತಿ’ ಎಂಬ ಹೆಸರಿನಲ್ಲಿ ಹದಿಹರೆಯದ ಹುಡುಗಿಯರೊಡನೆ ಕೆಲಸ ಮಾಡಿದೆ. ಊರಿನ ಕೆಲವು ಹುಡುಗಿಯರನ್ನೇ ಮಾದರಿಗಳಾಗಿ ಬೆಳೆಸಿ, ಅವರ ಮೂಲಕ ಗೆಳತಿಯರಿಗೆ ತಲುಪುವುದು ಅದರ ಕ್ರಮ. ಬಾಲ್ಯವಿವಾಹ ತಡೆಯುವುದು, ಶಾಲೆ ಬಿಡದಂತೆ ನೋಡಿಕೊಳ್ಳುವುದು ಗುರಿ. ಅದಕ್ಕೆ ಅವರು ಕಲಿಯಬೇಕಾದ ವಿದ್ಯೆ ಮಾತ್ರ ಸಂಧಾನದ್ದೇ: ಸಿಟ್ಟಾದ ಅಪ್ಪನೊಡನೆ, ಹಠ ಹಿಡಿದ ಅಜ್ಜಿಯೊಡನೆ, ವರ ಗೊತ್ತು ಮಾಡಿದ ಮಾವನೊಡನೆ ಮನೆ ಮುರಿಯದಂತೆ ಮಾತಾಡಿ ಎರಡು ವರ್ಷದ ಕಾಲಾವಕಾಶ ಗೆಲ್ಲುವುದು. ಮಾತು ಸೋತರೆ 1098ಕ್ಕೆ ಕರೆ ಮಾಡುವುದು. ಅಕ್ಕತಂಗಿಯರಿಗೆ ಕಾವಲುಗಾರರಾಗಿ ಬೆಳೆದ ಹುಡುಗರನ್ನು ಅವರ ಜೊತೆಗಾರರನ್ನಾಗಿ ಮಾಡುವುದು ಇದಕ್ಕಿಂತ ಕಷ್ಟ. ಪ್ರೀತಿಸಿ ಮದುವೆಯಾದವರ ಹೆಸರಿನಲ್ಲಿ ಹೊತ್ತಿಕೊಳ್ಳುವ ಗಲಭೆಗಳು ಕಡಿಮೆಯಾಗಬೇಕಾದರೆ ಆ ಕೆಲಸ ಆಗಲೇಬೇಕು.

ರಂಗ

ವಿಸ್ತಾರ್ ಕೊಪ್ಪಳದಲ್ಲಿ ರಂಗಶಾಲೆಯನ್ನೂ ಕಟ್ಟಿತು. ಸಣ್ಣಾಟ, ದೊಡ್ಡಾಟ, ಗೊಂದಲಿಗರ ಹಾಡು, ಡೊಳ್ಳು ಹಲಗೆಯ ನಾಡಿನಲ್ಲಿ ನಾಟಕ ಹೊರಗಿನಿಂದ ತಂದ ಸಾಧನವಲ್ಲ. 1975ರಲ್ಲಿ ಹುಟ್ಟಿದ ಸಮುದಾಯ ತಂಡ ಬೀದಿ ನಾಟಕವನ್ನು ಹಳ್ಳಿಗಳಿಗೆ ಒಯ್ದ ಮೇಲೆ ಕನ್ನಡದಲ್ಲಿ ಅದಕ್ಕೊಂದು ಪರಂಪರೆಯೇ ಇದೆ. ಬ್ರೆಜಿಲ್‌ನ ಅಗಸ್ಟೊ ಬೋಲ್ ರೂಪಿಸಿದ ವೇದಿಕೆ ರಂಗಭೂಮಿ ಇದಕ್ಕೆ ಇನ್ನೊಂದು ಹೆಜ್ಜೆ ಸೇರಿಸುತ್ತದೆ: ಅನ್ಯಾಯ ನಡೆಯುವ ಕ್ಷಣದಲ್ಲಿ ಆಟ ನಿಲ್ಲಿಸಿ, ನೋಡುತ್ತಿರುವವರಲ್ಲಿ ಒಬ್ಬರು ಎದ್ದು ಬಂದು ಆ ಪಾತ್ರವನ್ನು ತಾವೇ ಆಡಿ ಬೇರೆ ದಾರಿ ತೋರಿಸುವುದು. ಕಟಿಂಗ್ ಅಂಗಡಿಯ ದೃಶ್ಯವನ್ನು ಊರ ಕಟ್ಟೆಯ ಮುಂದೆ ಹೀಗೆ ಆಡಿಸಬಹುದು. ಗಿರಾಕಿ ಏನು ಹೇಳಬೇಕು ಎಂಬುದಕ್ಕಿಂತ, ಬೆಂಚಿನ ಮೇಲೆ ಸರದಿಗಾಗಿ ಕಾಯುತ್ತ ಪೇಪರು ಓದುತ್ತಿರುವ ಮೂರನೆಯವನು ಏನು ಮಾಡಬೇಕು ಎಂಬುದು ಅಲ್ಲಿ ಎದ್ದು ನಿಲ್ಲುತ್ತದೆ. ಊರಲ್ಲಿ ಆ ಮೂರನೆಯವರದೇ ಬಹುಮತ. ಜಾತಿಯ ಜಗಳ ಬೆಂಕಿಯಾಗುವುದೋ ಮಾತಾಗುವುದೋ ಎಂಬುದು ಅವರು ತಲೆ ಎತ್ತುವುದರ ಮೇಲೆ ನಿಂತಿದೆ. ಹದಿನೇಳರ ಹುಡುಗನೊಬ್ಬ ಆಟದಲ್ಲಿ ಒಮ್ಮೆ ಎದ್ದು ನಿಂತಿದ್ದರೆ ನಿಜದಲ್ಲೂ ಏಳುವುದು ಅವನಿಗೆ ಕೊಂಚ ಸುಲಭ.

ಮಕ್ಕಳ ಗ್ರಾಮಸಭೆ

ಕುಂದಾಪುರ ತಾಲ್ಲೂಕಿನಲ್ಲಿ 1990ರ ದಶಕದಲ್ಲಿ ಭೀಮ ಸಂಘದ ದುಡಿಯುವ ಮಕ್ಕಳು, ಅವರೊಡನಿದ್ದ ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ ಮಕ್ಕಳ ಪಂಚಾಯಿತಿಗಳನ್ನು ಕಟ್ಟಿದವು. ಮಕ್ಕಳು ಮತ ಹಾಕಿ ತಮ್ಮ ಸದಸ್ಯರನ್ನು ಆರಿಸಿ, ಊರಿನ ತೊಂದರೆಗಳನ್ನು ಲೆಕ್ಕ ಹಾಕಿ ದೊಡ್ಡವರ ಪಂಚಾಯಿತಿಯ ಮುಂದಿಟ್ಟರು. ಆ ಪ್ರಯೋಗದ ಬಲದಿಂದ 2006ರಿಂದ ರಾಜ್ಯದ ಎಲ್ಲ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸುವ ಕ್ರಮ ಬಂತು. ಕೊಪ್ಪಳದ ಪಂಚಾಯಿತಿಗಳಲ್ಲೂ ಅದು ನಡೆಯುತ್ತದೆ. ಶೌಚಾಲಯ, ಬಸ್ಸು, ಶಾಲೆಯ ಹಿಂದಿನ ಮದ್ಯದಂಗಡಿ ಇವೇ ಹೆಚ್ಚಾಗಿ ಏಳುವ ಪ್ರಶ್ನೆಗಳು. ಹೂವಿನ ಹಾರ, ಅತಿಥಿಗಳ ಭಾಷಣದಲ್ಲೇ ಅರ್ಧ ದಿನ ಕಳೆಯುವ ಸಭೆಗಳೂ ಉಂಟು. ಹಾಗಿದ್ದರೂ ಅಧ್ಯಕ್ಷರ ಎದುರು ಮೈಕು ಹಿಡಿದು ಒಬ್ಬ ಹುಡುಗಿ ಪ್ರಶ್ನೆ ಕೇಳುವುದನ್ನು ಊರು ಕಂಡಿತೆಂದರೆ, ಸಣ್ಣವರು ಸುಮ್ಮನಿರಬೇಕು ಎಂಬ ದೈವದ ನಿಯಮ ಅಷ್ಟರ ಮಟ್ಟಿಗೆ ಸಡಿಲವಾಗುತ್ತದೆ. ಈಗ ಅರಿವು ಕೇಂದ್ರಗಳೆಂದು ಕರೆಯುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಕೂಡ ಎಲ್ಲ ಓಣಿಯ ಮಕ್ಕಳು ಒಂದೇ ಚಾಪೆಯ ಮೇಲೆ ಕೂಡುವ ಜಾಗಗಳು. ಕಟ್ಟಡ ಎಲ್ಲಿದೆ ಎಂಬುದರಿಂದಲೇ ಅಲ್ಲಿಗೆ ಯಾರು ಬರಬಲ್ಲರು ಎಂಬುದು ತೀರ್ಮಾನವಾಗುವ ಊರುಗಳಲ್ಲಿ, ಎಲ್ಲ ಓಣಿಗೂ ಸಮದೂರದ ಜಾಗ ಆರಿಸುವುದೇ ಒಂದು ಶಾಂತಿ ಕಾರ್ಯ.

ಮಠ, ಜೋಳಿಗೆ, ಹಳ್ಳ

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಈಗಿನ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ಕಾಲದಲ್ಲಿ ಜಾತ್ರೆಯ ಜೊತೆಗೆ ವರ್ಷಕ್ಕೊಂದು ವಿಷಯ ಹಿಡಿದು ವಿದ್ಯಾರ್ಥಿಗಳ ಜಾಗೃತಿ ನಡಿಗೆ ನಡೆಯುವುದು ವಾಡಿಕೆಯಾಗಿದೆ. ರಕ್ತದಾನ, ಬಾಲ್ಯವಿವಾಹ, ನೀರಿನ ಉಳಿತಾಯ ಹೀಗೆ. 2019ರಲ್ಲಿ ಅವರ ಮುಂದಾಳತ್ವದಲ್ಲಿ ಹೂಳು ಮುಳ್ಳಿನಿಂದ ಮುಚ್ಚಿದ್ದ ಹಿರೇಹಳ್ಳವನ್ನು ಜನ ಸೇರಿ ಸ್ವಚ್ಛಗೊಳಿಸಿದರು. ಬೇರೆ ಬೇರೆ ಊರಿನ, ಜಾತಿಯ ಯುವಕರು ಒಂದೇ ಹಳ್ಳದಲ್ಲಿ ಇಳಿದು ಮಣ್ಣು ಹೊತ್ತದ್ದು ಶಾಂತಿಯ ಹೆಸರಿನಲ್ಲಿ ನಡೆದ ಕಾರ್ಯಕ್ರಮವೇನಲ್ಲ. ಆದರೂ ಕೂಡಿ ಬೆವರು ಸುರಿಸುವುದರಿಂದ ಬೆಳೆಯುವ ಪರಿಚಯಕ್ಕೆ ಗಾಂಧಿಮಾರ್ಗದವರು ಯಾವಾಗಲೂ ಬೆಲೆ ಕೊಟ್ಟಿದ್ದಾರೆ. ಬೆಂಗಳೂರಿನಲ್ಲಿ ಹುಟ್ಟಿ ಚಂಬಲ್ ಕಣಿವೆಯಲ್ಲಿ ಡಕಾಯಿತರ ಶರಣಾಗತಿಗೆ ದುಡಿದ ಎಸ್.ಎನ್. ಸುಬ್ಬರಾವ್ (1929-2021) ರಾಷ್ಟ್ರೀಯ ಯುವ ಯೋಜನೆಯ ಮೂಲಕ ದೇಶದ ಉದ್ದಗಲಕ್ಕೂ ನಡೆಸಿದ ಶಿಬಿರಗಳಲ್ಲಿ ಶ್ರಮದಾನ, ಸಾಮೂಹಿಕ ಹಾಡು, ಸರ್ವಧರ್ಮ ಪ್ರಾರ್ಥನೆ ದಿನಚರಿಯೇ ಆಗಿದ್ದವು.

ಕುಷ್ಟಗಿಯ ನೆರೆಯ ಇಳಕಲ್ಲಿನ ಮಹಾಂತ ಸ್ವಾಮೀಜಿ (ನಿಧನ 2018) ಊರೂರು ತಿರುಗಿ ಜೋಳಿಗೆ ಒಡ್ಡಿ ಕುಡಿತ, ತಂಬಾಕಿನ ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ‘ಮಹಾಂತ ಜೋಳಿಗೆ’ಗೆ ಬಾಟಲಿ ಹಾಕಿ ಬಿಟ್ಟವರಲ್ಲಿ ಈ ಸೀಮೆಯವರೂ ಇದ್ದಾರೆ. ಅವರ ಜನ್ಮದಿನ ಆಗಸ್ಟ್ 1ನ್ನು ರಾಜ್ಯ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ರಾತ್ರಿಯ ಎಷ್ಟು ಜಗಳಗಳು ಹೆಂಡದಂಗಡಿಯ ಮುಂದೆ ಶುರುವಾಗುತ್ತವೆ ಎಂದು ಬಲ್ಲ ಹಳ್ಳಿಯವರಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ.

ಶಾಂತಿ ಸಮಿತಿ

ಗಣೇಶ ಚೌತಿ, ಈದ್, ಮೊಹರಂ ಬಂದರೆ ಪ್ರತಿ ಠಾಣೆಯಲ್ಲೂ ಶಾಂತಿ ಸಮಿತಿಯ ಸಭೆ ಸೇರುತ್ತದೆ. ಡಿಜೆ ಎಷ್ಟು ಹೊತ್ತಿನವರೆಗೆ, ಮೆರವಣಿಗೆ ಯಾವ ರಸ್ತೆಯಲ್ಲಿ ಎಂದು ಅಲ್ಲಿ ಗೊತ್ತಾಗುತ್ತದೆ. ಸಭೆಗೆ ಬರುವವರು ಮುಖಂಡರು. ಡಿಜೆ ಮುಂದೆ ಕುಣಿಯುವವರು, ವಾಟ್ಸ್ಆ್ಯಪ್ ಸ್ಟೇಟಸ್ ಹಾಕುವವರು ಅಲ್ಲಿ ಇರುವುದಿಲ್ಲ. ಓಣಿಯ ಯುವಕ ಮಂಡಳಿಗಳನ್ನೂ ಕಾಲೇಜಿನ ಎನ್‌ಎಸ್‌ಎಸ್ ವಿದ್ಯಾರ್ಥಿಗಳನ್ನೂ ಹಬ್ಬಕ್ಕೆ ತಿಂಗಳು ಮೊದಲೇ ಕೂಡಿಸಿದರೆ ಈ ಸಭೆಗಳು ಬಂದೋಬಸ್ತಿನ ಮಟ್ಟ ದಾಟಿಯಾವು.

ಅಲಾಯಿ ಕುಣಿಯ ಸುತ್ತ

ಸರ್ಕಾರದ ಯೋಜನೆ, ಸಂಸ್ಥೆಗಳ ಕಾರ್ಯಕ್ರಮ ಬರುವುದಕ್ಕೆ ಬಹಳ ಮೊದಲೇ ಈ ಹಳ್ಳಿಗಳಲ್ಲಿ ಯುವಕರನ್ನು ಧರ್ಮದ ಗೆರೆ ದಾಟಿಸಿ ಕೂಡಿಸಿದ್ದು ಮೊಹರಂ. ಅದನ್ನು ಇಲ್ಲಿ ಅಲಾಯಿ ಹಬ್ಬ ಎನ್ನುತ್ತಾರೆ. ಮಸೂತಿಯಲ್ಲಿ ದೇವರೆಂದು ಕರೆಯುವ ಹಸ್ತದ ಆಕಾರದ ಪಂಜಾಗಳನ್ನು ಕೂಡ್ರಿಸುತ್ತಾರೆ, ಮುಂದೆ ಕುಣಿ ತೋಡಿ ಬೆಂಕಿ ಹಾಕುತ್ತಾರೆ. ದೇವರು ಹಿಡಿಯುವವರಲ್ಲಿ, ಸಕ್ಕರೆ ಓದಿಸುವವರಲ್ಲಿ, ಹುಲಿವೇಷ ಹಾಕುವ ಹರಕೆ ಹೊತ್ತವರಲ್ಲಿ ಹಿಂದೂಗಳೇ ಹೆಚ್ಚಿರುವ ಊರುಗಳಿವೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲೂ ಹಬ್ಬ ನಡೆಯುತ್ತದೆ. ಕರ್ಬಲದ ಕಥೆಯನ್ನು ಕನ್ನಡದಲ್ಲಿ ಹಾಡುವ ರಿವಾಯತ್ ಪದಗಳನ್ನು ಯುವಕರು ಹಿರಿಯರಿಂದ ಬಾಯಿಪಾಠ ಮಾಡಿಕೊಳ್ಳುತ್ತಾರೆ. ಹೆಜ್ಜೆ ಮೇಳದಲ್ಲಿ ಕಾಲಿಗೆ ಕಾಲು ಕೂಡಿಸಲು ವಾರಗಟ್ಟಲೆ ತಾಲೀಮು ನಡೆಯುತ್ತದೆ.

ಇದಕ್ಕೂ ಬಿರುಕು ತಪ್ಪಿಲ್ಲ. ಹಲಗೆ ಬಾರಿಸುವವರು ಯಾರು, ಕುಣಿಯುವವರು ಯಾರು ಎಂಬಲ್ಲಿ ಜಾತಿ ಇಣುಕುತ್ತದೆ. ಹಿಂದೆ ಗಲಾಟೆಯಾದ ಕೆಲವು ಹಳ್ಳಿಗಳಲ್ಲಿ ಜಿಲ್ಲಾಡಳಿತ ಹಬ್ಬವನ್ನೇ ನಿಷೇಧಿಸಿದ ವರ್ಷಗಳಿವೆ. ನಿಷೇಧದಿಂದ ಆ ರಾತ್ರಿಯ ಹೊಡೆದಾಟ ತಪ್ಪಬಹುದು. ಆದರೆ ಕೂಡಿ ಕಲಿಯುವ ಆ ವಾರಗಳೂ ಅದರೊಂದಿಗೆ ಹೋಗುತ್ತವೆ. ನಿಷೇಧದ ಊರುಗಳಲ್ಲೇ ಎರಡೂ ಕಡೆಯ ಹುಡುಗರನ್ನು ಕೂಡಿಸಿ, ಹಲಗೆಯೂ ಹೆಜ್ಜೆಯೂ ಸರದಿಯ ಮೇಲೆ ಎಲ್ಲರ ಕೈಗೆ ಕಾಲಿಗೆ ಬರುವಂತೆ ಒಪ್ಪಂದ ಮಾಡಿಸಿ ಹಬ್ಬವನ್ನು ಮತ್ತೆ ತೆರೆಯುವುದು ಜಿಲ್ಲೆಯಲ್ಲಿ ಮಾಡಲು ಉಳಿದಿರುವ ಕೆಲಸಗಳಲ್ಲಿ ಮುಖ್ಯವಾದದ್ದು. ಅದಕ್ಕೆ ಸರಿಯಾದ ಹೊತ್ತೂ ಹಬ್ಬದ್ದೇ. ಗುಳೆ ಹೋದವರು ಯುಗಾದಿಗೆ ಬಾರದಿದ್ದರೂ ಅಲಾಯಿಗೆ ಬರುತ್ತಾರೆ. ಬೆಂಗಳೂರಿನ ಬಸ್ಸುಗಳು ಕುಷ್ಟಗಿ, ಯಲಬುರ್ಗಾದ ನಿಲ್ದಾಣಗಳಲ್ಲಿ ಚೀಲ ಹೊತ್ತ ಹುಡುಗರನ್ನು ಇಳಿಸುತ್ತವೆ, ಸಂಜೆಗೆ ಊರಲ್ಲಿ ತಾಲೀಮು ಶುರುವಾಗುತ್ತದೆ.